ಅಂಕಲ್‌ದಾಗ ‘ಅನ್’ ಅದ ಏನ್ರಿ ಸರ?

ಶಹಾಪುರ ಕಡೆಯ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಮಾಸ್ತರ. ಒಂಬತ್ತನೇ ಕ್ಲಾಸಿಗೆ ಪ್ರಿಫಿಕ್ಸ್ (ಪದದ ತಲೆಗೆ ಹಚ್ಚುವ ತುಂಡು), ಸಫಿಕ್ಸ್ (ಬಾಲಕ್ಕೆ ಹಚ್ಚುವ ತುಂಡು) ಹೇಳುವಾಗ ಮೊದಮೊದಲು ಎಲ್ಲರಂತೆ ನಾನೂ ಪಟ್ಟಿ ಬರೆಸುತ್ತಿದ್ದೆ. ಈ ಕಡೆ ಅನ್, ಡಿಸ್, ಮಿಸ್, ರೀ. ಆ ಕಡೆ ನೆಸ್, ಫುಲ್, ಲೆಸ್, ಮೆಂಟ್. ಹುಡುಗರು ಬಾಯಿಪಾಠ ಮಾಡಿದರು. ಟೆಸ್ಟಿನಲ್ಲಿ ಪ್ರಿಫಿಕ್ಸ್ ಇರುವ ಪದಗಳಿಗೆ ಗೆರೆ ಎಳೆಯಲು ಹೇಳಿದರೆ ಅಂಕಲ್‌ಗೂ ಗೆರೆ, ಮಿಸ್ಟರ್‌ಗೂ ಗೆರೆ, ರೆಡಿಗೂ ಗೆರೆ. ಅವರನ್ನು ಬೈದು ಏನು ಮಾಡುವುದು? ಯು, ಎನ್ ಕಂಡರೆ ಸಾಕು ಎಂದು ಕಲಿಸಿದವನು ನಾನೇ.

ಮುಂದಿನ ವರ್ಷ ಪಟ್ಟಿ ಬಿಟ್ಟು ಬಸ್ಸಿನ ಬೋರ್ಡಿನಿಂದ ಶುರು ಮಾಡಿದೆ. ಶಹಾಪುರ, ಶಹಾಬಾದ್. ತಲೆ ಒಂದೇ, ಬಾಲ ಬೇರೆ. ಈ ‘ಪುರ’ ಮತ್ತೆಲ್ಲಿ ಅದ? ಸುರಪುರ, ಚಿತ್ತಾಪುರ. ‘ಆಬಾದ್’? ಹುಮನಾಬಾದ್, ಹೈದರಾಬಾದ್. ಸಫಿಕ್ಸ್ ಅಂದರೇನೆಂದು ಅಲ್ಲಿಗೆ ಅರ್ಧ ತಿಳಿದಿತ್ತು.

ಪ್ರಿಫಿಕ್ಸಿಗೆ ಇನ್ನೂ ಸಲೀಸಾದ ದಾರಿ ಸಿಕ್ಕಿತು. 1948ರ ತನಕ ನಿಜಾಮನ ಸೀಮೆಯಾಗಿದ್ದ ಊರುಗಳಿವು; ಉರ್ದು ನಮ್ಮ ಮಾತಿನೊಳಗೆ ಉಪ್ಪಿನಂತೆ ಕರಗಿದೆ. ನಾಲಾಯಕ್, ಗೈರುಹಾಜರಿ, ಬೇಇಮಾನ್ ಎಂದು ಬೋರ್ಡಿನ ಮೇಲೆ ಬರೆದೆ. (ಮೊದಲನೆಯದನ್ನು ನಮ್ಮ ಹುಡುಗರು ಮನೆಯಲ್ಲಿ ದಿನಾ ಕೇಳುತ್ತಾರೆ.) ‘ನಾ’ ತೆಗೆದರೆ ಲಾಯಕ್, ‘ಗೈರು’ ತೆಗೆದರೆ ಹಾಜರಿ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ, “ಸರ, ಬೇವಿನ್ಯಾಗೂ ‘ಬೇ’ ಅದಲ್ರಿ?” ಅಂದ. ಕ್ಲಾಸೆಲ್ಲ ನಕ್ಕಿತು. ನಕ್ಕವರನ್ನೇ ಎಬ್ಬಿಸಿ, ಯಾಕೆ ಅಲ್ಲ ಹೇಳಿ ಅಂದೆ. ಒಬ್ಬಳು ತುಸು ಯೋಚಿಸಿ ಹೇಳಿದಳು: “ಬೇ ತೆಗದ್ರ ‘ವು’ ಉಳೀತದ್ರಿ. ಅದಕ್ಕ ಜೀವ ಇಲ್ರಿ.”

ಅವತ್ತಿನಿಂದ ನಮ್ಮ ಪರೀಕ್ಷೆ ಅದೇ. ತುಂಡು ಕತ್ತರಿಸು, ಉಳಿದದ್ದಕ್ಕೆ ಜೀವ ಇದೆಯೇ ನೋಡು. ಅನ್‌ಹ್ಯಾಪಿಯಲ್ಲಿ ಹ್ಯಾಪಿ ಬದುಕುತ್ತದೆ, ಅಂಕಲ್‌ನಲ್ಲಿ ಉಳಿದ ಮೂರಕ್ಷರ ಸತ್ತು ಬೀಳುತ್ತವೆ. ಬೋರ್ಡನ್ನು ಎರಡು ಭಾಗ ಮಾಡಿ ಎಡಕ್ಕೆ ಖರೇ ಪದ, ಬಲಕ್ಕೆ ಸುಳ್ಳು ಪದ ಬರೆಯತೊಡಗಿದೆವು.

ಡಿಸ್‌ಪ್ಲೇ ಬಂದಾಗ ಈ ಪರೀಕ್ಷೆಯೂ ಸಾಲಲಿಲ್ಲ. ಡಿಸ್ ತೆಗೆದರೆ ಪ್ಲೇ ಉಳಿಯುತ್ತದೆ, ಜೀವವೂ ಇದೆ. ಆದರೆ ಮೊಬೈಲಿನ ಡಿಸ್‌ಪ್ಲೇಗೂ ಆಟ ಆಡದಿರುವುದಕ್ಕೂ ಏನು ಸಂಬಂಧ? ಹಾಗಾಗಿ ಎರಡನೇ ಪ್ರಶ್ನೆ ಸೇರಿತು: ಉಳಿದ ಪದಕ್ಕೂ ಇಡೀ ಪದಕ್ಕೂ ಅರ್ಥದ ನಂಟು ಇದೆಯೇ?

ಇನ್ ಎಂಬುದು ಇಂ, ಇಲ್, ಇರ್ ಆಗುವುದನ್ನು ಬಾಯಿಂದಲೇ ಕಲಿಸಿದೆ. ಇನ್‌ಪಾಸಿಬಲ್ ಎಂದು ಜೋರಾಗಿ, ಬೇಗಬೇಗ ಹೇಳಿಸಿದರೆ ನಾಲ್ಕನೇ ಸಲಕ್ಕೆ ತುಟಿ ತಾನಾಗಿ ಮುಚ್ಚಿ ಇಂಪಾಸಿಬಲ್ ಬರುತ್ತದೆ. ಇಲ್ಲೀಗಲ್, ಇರ್‍ರೆಗ್ಯುಲರ್ ಕೂಡ ಹಾಗೇ.

ಬಾಲದ ಕಡೆ ಸ್ಪೆಲಿಂಗಿನ ಕಾಟ. ಹ್ಯಾಪಿನೆಸ್‌ನಲ್ಲಿ ನೆಸ್ ಕತ್ತರಿಸಿದರೆ ಕೊನೆಗೆ ವೈ ಬದಲು ಐ ಉಳಿಯುತ್ತದೆ. “ಜೀವ ಹೋಯ್ತ್ರಿ ಸರ” ಅಂದರು. ಬಡವನಿಗೆ ‘ತನ’ ಹಚ್ಚಿದರೆ ಬಡವತನ ಅಂತೀರೋ ಬಡತನ ಅಂತೀರೋ ಎಂದು ಕೇಳಿದೆ. ‘ವ’ ಎಲ್ಲಿ ಹೋಯಿತೆಂದು ಅವರೇ ಹುಡುಕಿದರು. ಫುಲ್ ಬಾಲವಾದಾಗ ಒಂದೇ ಎಲ್ ಅನ್ನುವುದನ್ನು ಮಾತ್ರ ಇವತ್ತಿಗೂ ಹತ್ತು ಹತ್ತು ಸಲ ಬರೆಸುತ್ತೇನೆ. ಅದಕ್ಕೆ ಬೇರೆ ಉಪಾಯ ನನಗೆ ಸಿಕ್ಕಿಲ್ಲ.

ನಾನೇ ಸಿಕ್ಕಿಬಿದ್ದದ್ದು ಡಿಸೀಸ್ ಪದದಲ್ಲಿ. ಯೋಚಿಸದೆ ಬಲಗಡೆ, ಸುಳ್ಳು ಪದಗಳ ಸಾಲಿಗೆ ಬರೆದುಬಿಟ್ಟಿದ್ದೆ. ಬೇವಿನ ಪ್ರಶ್ನೆಗೆ ಉತ್ತರ ಹೇಳಿದ ಹುಡುಗಿ ಕೈ ಎತ್ತಿದಳು: “ಡಿಸ್ ತೆಗದ್ರ ಈಸ್ ಉಳೀತದಲ್ರಿ, ಈಸಿಯೊಳಗಿನ ಈಸ್?” ರಾತ್ರಿ ಮನೆಗೆ ಹೋಗಿ ಡಿಕ್ಷನರಿ ತೆಗೆದೆ. ಹಳೆಯ ಫ್ರೆಂಚಿನಿಂದ ಬಂದ ಪದ. ಸುಖ, ನೆಮ್ಮದಿ ಎಂಬ ಅರ್ಥದ ಪದಕ್ಕೆ ‘ಇಲ್ಲ’ ಅನ್ನುವ ತುಂಡು ಹಚ್ಚಿದ್ದು. ಮರುದಿನ ಕ್ಲಾಸಿನಲ್ಲಿ ಒಪ್ಪಿಕೊಂಡೆ.

“ನಮ್ಮ ಆಯಿ ದಿನಾ ಅದನ್ನೇ ಅಂತಾಳ್ರಿ ಸರ,” ಅಂದಳು ಅವಳು. “ಮೈಯಾಗ ಆರಾಮಿಲ್ಲ ಅಂತ.”

ಡಸ್ಟರ್ ತೆಗೆದುಕೊಂಡು ಬಲಗಡೆಯ ಪದ ಅಳಿಸಿ ಎಡಗಡೆ ಬರೆದೆ.