ಎರಡು ಸೂಪರ್‌ಮಾರ್ಕೆಟ್‌ಗಳನ್ನು ತೂಗಿ ನೋಡುವ ಬಗೆ
2002ರಲ್ಲಿ ರಾಧಾಕಿಶನ್ ದಮಾನಿ ಆರಂಭಿಸಿದ ಡಿಮಾರ್ಟ್ ಬೆಳೆಯುತ್ತಿರುವಾಗ, ಅದಕ್ಕಿಂತ ಒಂದು ವರ್ಷ ಮೊದಲೇ ಹುಟ್ಟಿದ ಬಿಗ್ ಬಜಾರ್ 2022ರಲ್ಲಿ ಏಕೆ ಕುಸಿಯಿತೆಂದು ತಿಳಿಯಬಯಸುವ ಹುಬ್ಬಳ್ಳಿಯ ಕಿರಾಣಿ ವ್ಯಾಪಾರಿಯು, ರಿಯಾಯಿತಿಯ ಫಲಕಗಳನ್ನು ಬದಿಗಿಟ್ಟು ಮೊದಲು ಬಾಡಿಗೆಯ ಲೆಕ್ಕವನ್ನು ನೋಡಬೇಕು. ಡಿಮಾರ್ಟ್ ತನ್ನ ಬಹುತೇಕ ಮಳಿಗೆಗಳ ಜಾಗವನ್ನು ತಾನೇ ಕೊಳ್ಳುತ್ತದೆ ಅಥವಾ ದೀರ್ಘಾವಧಿಯ ಗುತ್ತಿಗೆಗೆ ಪಡೆಯುತ್ತದೆ. ಇದರಿಂದ ವಿಸ್ತರಣೆ ನಿಧಾನವಾದರೂ ತಿಂಗಳ ಹೊರೆ ಹಗುರವಾಗುತ್ತದೆ. ಬಾಡಿಗೆ ಮಳಿಗೆಗಳಲ್ಲಿ ಸಾಲದ ಬಲದಿಂದ ಹರಡಿದ ಬಿಗ್ ಬಜಾರ್, ಬಾಡಿಗೆ ಬಾಕಿಯಾದಾಗ ತನ್ನ ಅನೇಕ ಮಳಿಗೆಗಳನ್ನು ರಿಲಯನ್ಸ್‌ಗೆ ಬಿಟ್ಟುಕೊಡಬೇಕಾಯಿತು.

ಬಳಿಕ ಪೂರೈಕೆದಾರರಿಗೆ ಎಷ್ಟು ದಿನಗಳಲ್ಲಿ ಹಣ ಸಲ್ಲುತ್ತದೆಂದು ವಿಚಾರಿಸಿರಿ. ಡಿಮಾರ್ಟ್ ಬೇಗ ಪಾವತಿಸಿ ಕಡಿಮೆ ದರ ಪಡೆಯುತ್ತದೆ. ರೊಕ್ಕ ಎಣಿಸುವವನಿಗೆ ದರ ಇಳಿಯುತ್ತದೆಂಬುದು ಅಮರಗೋಳದ ಎಪಿಎಂಸಿಯ ದಲಾಲರಿಗೆ ಹೊಸತೇನಲ್ಲ. ಕೊನೆಯದಾಗಿ ಕಪಾಟುಗಳನ್ನು ಗಮನಿಸಿ, ನಿತ್ಯ ಖರ್ಚಾಗುವ ಬೇಳೆ, ಎಣ್ಣೆ, ಸಾಬೂನುಗಳಿಗೆ ಎಷ್ಟು ಜಾಗ ಮೀಸಲಿದೆಯೆಂದು ಅಳೆಯಿರಿ.