ಮೂರನೇ ಸಲ ಬೆಳಗಿದ ‘ಈ ಸಲ ಕಪ್ ನಮ್ದೇ’ ಬೋರ್ಡ್

‘ಕನ್ನಡ ಅಕ್ಷರನ ನಿಯಾನ್ ಸ್ಟ್ರಿಪ್‌ನಲ್ಲಿ ಕೈಯಲ್ಲಿ ಬಗ್ಗಿಸೋಕಾಗಲ್ಲ ಸರ್, ಇಂಗ್ಲಿಷ್‌ನಲ್ಲಿ ಮಾಡಿಸ್ಕೊಳಿ.’ 2024ರಲ್ಲಿ ಒಂದು ಬೋರ್ಡ್ ಅಂಗಡಿಯಲ್ಲಿ ಕೇಳಿದ ಮಾತು ಇದು. ನಿಯಾನ್ ಸ್ಟ್ರಿಪ್ ಅಂದರೆ ಸಿಲಿಕೋನ್ ಹೊದಿಕೆಯೊಳಗೆ ಎಲ್‌ಇಡಿ ಇರುವ, ಬಗ್ಗುವ ಪಟ್ಟಿ. ಕನ್ನಡದಲ್ಲೇ ಬೇಕು ಅಂದರೆ ಮೆಷಿನ್ ಕಟಿಂಗ್ ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ ಆಗುತ್ತೆ ಅಂದರು. ಗೆಳೆಯರೂ ಅದೇ ರಾಗ. ಒತ್ತು, ತಲೆಕಟ್ಟು, ದೀರ್ಘ ಎಲ್ಲ ಇಟ್ಟುಕೊಂಡು ಎಲ್ಲಿ ಅಂತ ಬಗ್ಗಿಸ್ತೀಯ ಅಂದರು.

ಈಗ ನಮ್ಮ ಮನೆಯಲ್ಲಿ ನಾಲ್ಕಡಿ ಅಗಲ, ಎರಡಡಿ ಎತ್ತರದ ಬೋರ್ಡ್ ಇದೆ. ಮೇಲಿನ ಸಾಲಲ್ಲಿ ‘ಈ ಸಲ’, ಕೆಳಗಿನ ಸಾಲಲ್ಲಿ ‘ಕಪ್ ನಮ್ದೇ’. ಬೆಂಗಳೂರಿನ ಕ್ರಿಕೆಟ್ ತಂಡ ಆರ್‌ಸಿಬಿಯ ಅಭಿಮಾನಿಗಳ ಘೋಷಣೆ ಅದು. ಬೋರ್ಡ್ ಇಡೀ ಒಂದು ಐಪಿಎಲ್ ಸೀಸನ್ ಬಾಲ್ಕನಿಯಲ್ಲಿ ಉರಿದಿದೆ. ಬೆಂಗಳೂರಿನ ಮೇ ತಿಂಗಳ ಮಳೆಯಲ್ಲಿ ನೆನೆದಿದೆ. ಇವತ್ತಿನವರೆಗೆ ಒಂದು ಅಕ್ಷರವೂ ಆರಿಲ್ಲ.

ಮೊದಲ ಪ್ರಯತ್ನ 2023ರದ್ದು. ಥರ್ಮಾಕೋಲ್‌ಗೆ ತೂತು ಹಾಕಿ, ಹಬ್ಬಕ್ಕೆ ತಂದಿದ್ದ ಸೀರಿಯಲ್ ಸೆಟ್‌ನ ಬಲ್ಬುಗಳನ್ನು ಚುಚ್ಚಿದ್ದೆ. ಐನೂರು ರೂಪಾಯಿ ಒಳಗೇ ಮುಗಿದಿತ್ತು. ಹತ್ತಿರದಿಂದ ಚೆನ್ನಾಗಿತ್ತು. ರಸ್ತೆಯಿಂದ ನೋಡಿದರೆ ಬರೀ ಚುಕ್ಕಿ ಚುಕ್ಕಿ. ಎದುರು ಮನೆ ಹುಡುಗ ‘ಕಪ್’ ಅನ್ನು ‘ಕವ್’ ಅಂತ ಓದಿದ. ನಮ್ಮ ಅಕ್ಷರಗಳೇ ಹಾಗೆ, ಎಲ್ಲ ದುಂಡಗೆ. ಸುತ್ತು ಎಲ್ಲಿ ಶುರುವಾಗುತ್ತೆ, ತಲೆಕಟ್ಟು ಎಲ್ಲಿ ಮುಗಿಯುತ್ತೆ ಅನ್ನೋದು ಚುಕ್ಕಿಯಲ್ಲಿ ಕಾಣಲ್ಲ. ಕನ್ನಡಕ್ಕೆ ಗೆರೆಯೇ ಬೇಕು ಅಂತ ಅವತ್ತೇ ಗೊತ್ತಾಯಿತು.

ಮುಂದಿನ ವರ್ಷ ಮಾರ್ಚ್ 17ಕ್ಕೆ ನಮ್ಮ ಆರ್‌ಸಿಬಿ ಹೆಣ್ಣುಮಕ್ಕಳು ದೆಹಲಿಯಲ್ಲಿ ಡಬ್ಲ್ಯುಪಿಎಲ್ (ಮಹಿಳೆಯರ ಐಪಿಎಲ್) ಕಪ್ ಗೆದ್ದರು. ಆ ಖುಷಿಯಲ್ಲೇ ಎಲೆಕ್ಟ್ರಾನಿಕ್ಸ್ ಸಾಮಾನು ಸಿಗುವ ಎಸ್.ಪಿ. ರೋಡ್‌ಗೆ ಹೋಗಿ 12 ವೋಲ್ಟಿನ ಕೆಂಪು ನಿಯಾನ್ ಸ್ಟ್ರಿಪ್ ತಂದೆ. ಎಲ್ಲರೂ ಮಾಡುವ ಹಾಗೇ ಮಾಡಿದೆ. ಅಕ್ಷರದ ಒಂದೊಂದು ಎಳೆಯನ್ನೂ ಬೇರೆ ಬೇರೆ ಕತ್ತರಿಸಿ, ತುದಿಗೆ ವೈರ್ ಬೆಸೆದು, ಪ್ಲೈವುಡ್ ಮೇಲೆ ಅಂಟಿಸಿದೆ. ಈ ಸ್ಟ್ರಿಪ್ ಎರಡೂವರೆ ಸೆಂಟಿಮೀಟರ್‌ಗೊಮ್ಮೆ, ಗುರುತು ಇರುವಲ್ಲಿ ಮಾತ್ರ ಕತ್ತರಿಸಬಹುದು. ನಮಗೆ ಬೇಕಾದ ಅಳತೆ ಯಾವತ್ತೂ ಆ ಗುರುತಿಗೆ ಸರಿಯಾಗಿ ಬರಲ್ಲ. ಒಂದೋ ತಲೆಕಟ್ಟು ಉದ್ದ, ಇಲ್ಲ ಗಿಡ್ಡ. ಒಟ್ಟು ಹದಿನೆಂಟು ತುಂಡು, ಮೂವತ್ತಾರು ಬೆಸುಗೆ. ಐದು ಮೀಟರ್ ಸ್ಟ್ರಿಪ್‌ಗೆ 2 ಆಂಪಿಯರ್ ಅಡಾಪ್ಟರ್ ಹಾಕಿದ್ದೆ. ಅದು ಎರಡೇ ಮ್ಯಾಚ್ ಬಾಳಿತು. ಮೀಟರಿಗೆ 9-10 ವ್ಯಾಟ್ ಅಂತ ಲೆಕ್ಕ ಹಾಕಿದ್ದರೆ ಆ 250 ರೂಪಾಯಿ ಉಳೀತಿತ್ತು.

ಅಂಟಿನ ಕಥೆಯೂ ಹೇಳಿಬಿಡ್ತೀನಿ. ಸ್ಟ್ರಿಪ್‌ನ ಸಿಲಿಕೋನ್ ಹೊದಿಕೆಗೆ ಮಾಮೂಲಿ ಅಂಟು ಹಿಡಿಯಲ್ಲ. ಫೆವಿಕ್ವಿಕ್ ಹಾಕಿದೆ, ಒಣಗಿ ಸಿಪ್ಪೆಯ ಹಾಗೆ ಎದ್ದು ಬಂತು. ಗ್ಲೂ ಗನ್ ಹಾಕಿದೆ, ಮಧ್ಯಾಹ್ನದ ಬಿಸಿಲಿಗೆ ‘ಸ’ ಜಾರಿ ‘ಲ’ ಮೇಲೆ ಕೂತಿತ್ತು.

ಮೇ 18, ಚೆನ್ನೈ ವಿರುದ್ಧ ಚಿನ್ನಸ್ವಾಮಿಯಲ್ಲಿ ಮ್ಯಾಚ್. ಪ್ಲೇಆಫ್‌ಗೆ ಹೋಗಬೇಕಾದರೆ ಬರೀ ಗೆದ್ದರೆ ಸಾಲದು, ರನ್‌ರೇಟ್‌ನಲ್ಲೂ ಮುಂದೆ ಬರಬೇಕಿತ್ತು. ಸಂಜೆ ಮಳೆ ಬಂತು. ಸ್ಟೇಡಿಯಂನಲ್ಲಿ ಆಟ ನಿಂತಿತು, ನಮ್ಮ ಬಾಲ್ಕನಿಯಲ್ಲಿ ಕತ್ತರಿಸಿದ ತುದಿಗಳ ಒಳಗೆ ನೀರು ಹೋಯಿತು. ಮೊದಲು ದ ಒತ್ತು ಆರಿತು. ಆಮೇಲೆ ‘ಲ’. ಕೊನೇ ಓವರ್‌ನಲ್ಲಿ ಧೋನಿ ಸಿಕ್ಸ್ ಹೊಡೆದು ಮುಂದಿನ ಬಾಲ್‌ಗೇ ಔಟಾಗುವ ಹೊತ್ತಿಗೆ ಬೋರ್ಡ್‌ನಲ್ಲಿ ‘ಕ’ ಮತ್ತು ‘ನ’ ಮಾತ್ರ ಉಳಿದಿದ್ದವು. 27 ರನ್‌ನಿಂದ ಗೆದ್ದೆವು. ಬೀದಿಯೆಲ್ಲ ಕುಣೀತಿತ್ತು. ನನಗೆ ಮಾತ್ರ ಆ ಕತ್ತಲೆ ಬೋರ್ಡ್ ನೋಡಿ ಹೊಟ್ಟೆ ಉರಿಯಿತು. ಎರಡೂವರೆ ಸಾವಿರದ ಹತ್ತಿರ ಖರ್ಚಾಗಿತ್ತು.

ದಾರಿ ಹೊಳೆದದ್ದು ಹಳೇ ಗಾಜಿನ ನಿಯಾನ್ ಬೋರ್ಡ್ ನೋಡಿ. ಅದರಲ್ಲಿ ಅಕ್ಷರಕ್ಕೊಂದು ಕೊಳವೆ ಇರಲ್ಲ. ಒಂದೇ ಕೊಳವೆ ಅಕ್ಷರದಿಂದ ಅಕ್ಷರಕ್ಕೆ ಹೋಗುತ್ತೆ. ನಡುವೆ ಬೆಳಕು ಬೇಡದ ಕಡೆ ಕಪ್ಪು ಬಣ್ಣ ಬಳಿದಿರುತ್ತಾರೆ, ಅಷ್ಟೇ. ನಾನ್ಯಾಕೆ ಕತ್ತರಿಸಬೇಕು? ಪದಕ್ಕೊಂದು ಸ್ಟ್ರಿಪ್ ಸಾಕು. ‘ಈ’, ‘ಸಲ’, ‘ಕಪ್’, ‘ನಮ್ದೇ’. ನಾಲ್ಕು ಸ್ಟ್ರಿಪ್, ಎಂಟು ಬೆಸುಗೆ. ಆ ಎಂಟೂ ಬೋರ್ಡ್‌ನ ಕೆಳಗಿನ ಅಂಚಿನಲ್ಲಿ, ಸೂರಿನ ನೀರು ಬೀಳದ ಕಡೆ. ಒಂದು ಮೀಟರ್‌ನಷ್ಟು ಸ್ಟ್ರಿಪ್ ಕಪ್ಪಿನ ಅಡಿಯಲ್ಲಿ ಸುಮ್ನೆ ಉರಿಯುತ್ತೆ, ನಿಜ. ನೂರೈವತ್ತು ರೂಪಾಯಿ ದಂಡ ಅಂದುಕೊಳ್ಳಿ. ಮೂವತ್ತಾರು ಬೆಸುಗೆ ಜೊತೆ ಒದ್ದಾಡುವುದಕ್ಕಿಂತ ಅದು ಎಷ್ಟೋ ವಾಸಿ.

ಆದರೆ ಕೈ ಎತ್ತದೆ ‘ನಮ್ದೇ’ ಬರೆಯೋದು ಹೇಗೆ? ಪೆನ್ನಿನಲ್ಲಾದರೆ ಬರೆದ ಗೆರೆ ಮೇಲೇ ವಾಪಸ್ ಬರಬಹುದು. ಸ್ಟ್ರಿಪ್‌ನಲ್ಲಿ ಆಗಲ್ಲ, ಪಕ್ಕದಲ್ಲೇ ಹೋಗಬೇಕು. ಜೊತೆಗೆ ಎರಡು ಸೆಂಟಿಮೀಟರ್‌ಗಿಂತ ಚಿಕ್ಕ ಸುತ್ತು ಹಾಕಿದರೆ ಒಳಗಿನ ತಾಮ್ರದ ಪಟ್ಟಿ ಬಿರುಕು ಬಿಡುತ್ತೆ. ಎಡಕ್ಕೂ ಬಲಕ್ಕೂ ಬಗ್ಗುತ್ತೆ, ಮೇಲಕ್ಕೆತ್ತಿದರೆ ಸತ್ತ ಹಾಗೆ. ಒಂದು ವಾರ ಪೇಪರ್ ಹಾಳು ಮಾಡಿದೆ. ಕೊನೆಗೆ ಬಿಡಿಸಿಕೊಟ್ಟದ್ದು ನಮ್ಮ ಅಮ್ಮ. ದಿನಾ ಬೆಳಗ್ಗೆ ಎಳೆ ರಂಗೋಲಿ ಹಾಕುವ ಕೈ ಅದು. ನೆಲದ ಮೇಲೆ ಸೀಮೆಸುಣ್ಣದಲ್ಲಿ ‘ನ’ದ ತಲೆಕಟ್ಟಿನಿಂದ ಶುರು ಮಾಡಿದರು. ‘ಮ’ದ ಹೊಟ್ಟೆ ಸುತ್ತಿ, ಕೆಳಗಿಳಿದು ದ ಒತ್ತು ಹಾಕಿ, ಬಲಗಡೆಯಿಂದ ಹತ್ತಿ ದೀರ್ಘ ಮುಗಿಸಿ, ಕೊನೆಗೆ ಏತ್ವಕ್ಕೆ ಬಂದು ನಿಂತರು. ಸೀಮೆಸುಣ್ಣ ಒಂದು ಸಲವೂ ಮೇಲೇಳಲಿಲ್ಲ. ಬೆಳಕು ಬೇಡದ ಜಾಗ ಮೂರೇ ಮೂರು. ಅದರ ಫೋಟೋ ಇನ್ನೂ ಫೋನಿನಲ್ಲಿದೆ.

ಹಲಗೆಗೆ ಕಪ್ಪು ಎಸಿಪಿ (ಅಲ್ಯೂಮಿನಿಯಂ ಹೊದಿಸಿದ ಪ್ಲಾಸ್ಟಿಕ್) ಶೀಟ್ ತಂದೆ. ಅಂಗಡಿಯಲ್ಲಿ ಮಿಕ್ಕಿದ್ದ ತುಂಡು, ಮುನ್ನೂರು ರೂಪಾಯಿ. ಅಂಟಿನ ಸಹವಾಸವೇ ಬೇಡ ಅಂತ ತಂಗೂಸಿಯಲ್ಲಿ, ಅಂದರೆ ನೈಲಾನ್ ದಾರದಲ್ಲಿ, ಕಟ್ಟಿದೆ. ಸ್ಟ್ರಿಪ್‌ನ ಎರಡೂ ಪಕ್ಕ ಒಂದು ಮಿಲಿಮೀಟರಿನ ತೂತು ಕೊರೆದು, ತಂಗೂಸಿ ಹಾಯಿಸಿ, ಹಿಂದೆ ಗಂಟು. ನೇರ ಇರುವಲ್ಲಿ ಮೂರು ಇಂಚಿಗೊಂದು, ಸುತ್ತಿನಲ್ಲಿ ಇಂಚಿಗೊಂದು. ನೂರಿಪ್ಪತ್ತೋ ನೂರಮೂವತ್ತೋ ಗಂಟು ಆಗಿರಬೇಕು. ಬೆರಳ ತುದಿ ಎರಡು ದಿನ ಉರಿಯಿತು. ಹತ್ತು ಅಡಿ ದೂರದಿಂದ ದಾರ ಕಾಣೋದೇ ಇಲ್ಲ.

ಕಪ್ಪು ಮಾಡೋದರಲ್ಲಿ ಮತ್ತೆ ಎರಡು ಸಲ ಸೋತೆ. ಸ್ಪ್ರೇ ಪೇಂಟ್ ಉಗುರು ತಾಗಿದರೆ ಏಳುತ್ತೆ. ಇನ್ಸುಲೇಷನ್ ಟೇಪ್ ಬಿಸಿಗೆ ಅಂಟಂಟಾಗಿ ಜರುಗುತ್ತೆ. ಕೊನೆಗೆ, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕಪ್ಪು ಹೀಟ್ ಶ್ರಿಂಕ್ ಟ್ಯೂಬ್. ಕಟ್ಟುವ ಮೊದಲೇ ತುದಿಯಿಂದ ತೂರಿಸಿ, ಸರಿಯಾದ ಜಾಗಕ್ಕೆ ಎಳೆದುಕೊಂಡು ಹದವಾಗಿ ಬಿಸಿ ಮಾಡಬೇಕು. ಅದು ಜರುಗದ ಹಾಗೆ ಒಳಗೆ ಏನು ಹಾಕಿದೆ, ಜಾಗವನ್ನು ಹೇಗೆ ಗುರುತು ಮಾಡಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅದಕ್ಕೆ ಒಂದು ತಿಂಗಳು ತಗೊಂಡಿದ್ದೀನಿ. ನಾಲ್ಕು ಗಂಟೆ ಉರಿಸಿ ಮುಟ್ಟಿ ನೋಡಿದೆ. ಕಪ್ಪಿನ ಭಾಗ ಬೆಚ್ಚಗಿತ್ತು, ಸುಡುತ್ತಿರಲಿಲ್ಲ.

ಪವರ್‌ಗೆ 12 ವೋಲ್ಟ್, 8.3 ಆಂಪಿಯರ್ ಎಸ್‌ಎಂಪಿಎಸ್, ಅಂದರೆ ಮನೆ ಕರೆಂಟನ್ನು 12 ವೋಲ್ಟ್‌ಗೆ ಇಳಿಸುವ ಡಬ್ಬಿ. ಅದು ಮನೆಯೊಳಗೇ ಇದೆ. ಬಾಲ್ಕನಿಗೆ ಹೋಗೋದು 12 ವೋಲ್ಟಿನ ವೈರ್ ಮಾತ್ರ. ಪೂರ್ತಿ ಬೆಳಕು ರಾತ್ರಿ ಕಣ್ಣಿಗೆ ಚುಚ್ಚುತ್ತೆ ಅಂತ ಮೊದಲು ಡಿಮ್ಮರ್ ಹಾಕಿದ್ದೆ. ಕಣ್ಣಿಗೆ ಸರಿಯಿತ್ತು. ಫೋನಿನಲ್ಲಿ ವಿಡಿಯೊ ತೆಗೆದರೆ ಅಡ್ಡಡ್ಡ ಪಟ್ಟಿ ಓಡುತ್ತಿತ್ತು. ಡಿಮ್ಮರ್ ತೆಗೆದೆ. ಎಸ್‌ಎಂಪಿಎಸ್‌ನಲ್ಲಿ ಒಂದು ಪುಟ್ಟ ತಿರುಪು ಇರುತ್ತಲ್ಲ, ಅದನ್ನು ತಿರುಗಿಸಿ 11 ವೋಲ್ಟ್‌ಗೆ ಇಳಿಸಿದೆ. ಬೆಳಕೂ ಇಳಿಯಿತು, ಪಟ್ಟಿಯೂ ಹೋಯಿತು. ಒಂದು ಪೈಸೆ ಖರ್ಚಿಲ್ಲ.

ಬಣ್ಣದ ವಿಷಯಕ್ಕೂ ಒಂದು ವಾರ ಹೋಯಿತು. ಆರ್‌ಸಿಬಿ ಬಣ್ಣ ಕೆಂಪು ಮತ್ತು ಚಿನ್ನ. ಕೆಂಪು ಸುಲಭ. ಚಿನ್ನದ ಬಣ್ಣದ ಎಲ್‌ಇಡಿ ನನಗೆ ಸಿಗಲಿಲ್ಲ. ಹಳದಿ ಹಾಕಿದರೆ ಆಟೋ ಬಣ್ಣ ಬರುತ್ತೆ, ಚೆನ್ನೈ ಬೋರ್ಡ್ ಥರ ಕಾಣುತ್ತೆ. ವಾರ್ಮ್ ವೈಟ್ ಹಾಕಿ ವೋಲ್ಟ್ ಇಳಿಸಿದ ಮೇಲೆ ಬಂಗಾರದ ಛಾಯೆ ಬಂತು. ಈಗ ‘ಕಪ್’ ಮಾತ್ರ ವಾರ್ಮ್ ವೈಟ್, ಉಳಿದದ್ದೆಲ್ಲ ಕೆಂಪು.

ಸಿಕ್ಸ್ ಹೊಡೆದಾಗ ಬೋರ್ಡ್ ಮಿನುಗಬೇಕು ಅಂತಲೂ ಆಸೆ ಇತ್ತು. ನೂರು ರೂಪಾಯಿಯ ಸೌಂಡ್ ಸೆನ್ಸರ್ ಹಾಕಿ ನೋಡಿದೆ. ಕುಕ್ಕರ್ ಸೀಟಿಗೂ ಮಿನುಗುತ್ತಿತ್ತು. ಅದನ್ನು ಬಿಟ್ಟು ರಿಮೋಟ್ ರಿಲೇ ಹಾಕಿದೆ. ಬಟನ್ ನಮ್ಮ ಮಗಳ ಕೈಯಲ್ಲಿ. ಇದರಿಂದ ಒಂದು ಹೊಸ ತಕರಾರು ಹುಟ್ಟಿತು. ನಮ್ಮದು ಡಿಷ್, ಎದುರು ಮನೆಯವರು ಫೋನಿನಲ್ಲಿ ನೋಡ್ತಾರೆ. ಅವರಿಗೆ ಬಾಲ್ ಬರುವ ಅರ್ಧ ನಿಮಿಷ ಮೊದಲೇ ನಮ್ಮ ಬೋರ್ಡ್ ಮಿನುಗಿಬಿಡುತ್ತೆ. ಅವರು ಬಂದು ಕೇಳಿಕೊಂಡ ಮೇಲೆ ಮಿನುಗಿಸೋದು ಓವರ್ ಮುಗಿದ ಮೇಲೆ ಅಂತ ಒಪ್ಪಂದ ಆಗಿದೆ.

ಮೂರನೇ ಬೋರ್ಡ್‌ಗೆ ಹತ್ತಿರ ಹತ್ತಿರ 2,800 ಆಯಿತು. ಮೂರೂ ವರ್ಷದ್ದು ಕೂಡಿದರೆ ಆರು ಸಾವಿರದ ಒಳಗೇ. ಅಂಗಡಿಯಲ್ಲಿ ಹೇಳಿದ ರೇಟಿಗೆ ಇನ್ನೂ ಮೂರು ಸಾವಿರ ಕಮ್ಮಿ. ಒಂದು ಮಾತು, ಇದು ಬಾಲ್ಕನಿ ಬೋರ್ಡ್. ಸ್ಟೇಡಿಯಂಗೆ ಅಂತ ಮಾಡಬೇಡಿ, ಪವರ್ ಬ್ಯಾಂಕ್ ಒಳಗೆ ಬಿಡಲ್ಲ.

2025ರ ಜೂನ್ 3, ಅಹಮದಾಬಾದ್ ಫೈನಲ್. 2009, 2011, 2016 ಮೂರೂ ಸೋಲು ನೋಡಿದವನು ನಾನು. ಸಂಜೆ ಆರಕ್ಕೇ ಸ್ವಿಚ್ ಹಾಕಿದೆ. 190 ಹೊಡೆದಾಗ ಸಾಲದೇನೋ ಅನ್ನಿಸಿತ್ತು. ಆರು ರನ್‌ನಿಂದ ಗೆದ್ದಾಗ ರಾತ್ರಿ ಹನ್ನೊಂದು ದಾಟಿತ್ತು. ರಸ್ತೆಯಲ್ಲಿ ಹೋಗುವವರೆಲ್ಲ ಬೈಕ್ ನಿಲ್ಲಿಸಿ ಬೋರ್ಡ್ ಕೆಳಗೆ ಫೋಟೋ ತೆಗೆಸಿಕೊಂಡರು. ಆಗಲ್ಲ ಅಂದಿದ್ದ ಗೆಳೆಯರೂ ಅಲ್ಲೇ ಇದ್ದರು. ಅಮ್ಮ ಬಾಲ್ಕನಿಯಲ್ಲಿ ನಿಂತು ‘ನಮ್ದೇ’ ಕಡೆ ಕೈ ತೋರಿಸಿ ಎಲ್ಲರಿಗೂ ಹೇಳುತ್ತಿದ್ದರು, ಅದು ನಾನು ಬರೆದದ್ದು ಅಂತ.

ಮರುದಿನ ಚಿನ್ನಸ್ವಾಮಿ ಹತ್ತಿರದ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ಆ ತಿಂಗಳು ಬೋರ್ಡ್ ಹಚ್ಚಲಿಲ್ಲ. ಮಗಳೂ ಕೇಳಲಿಲ್ಲ.

ಈಗ ಅದನ್ನು ಇಳಿಸಿ ಒಳಗೆ ಇಟ್ಟಿದ್ದೀನಿ. ಕೆಳಗಿನ ಸಾಲು ಉದ್ದ ಇರೋದರಿಂದ ಮೇಲೆ ‘ಸಲ’ದ ಪಕ್ಕ ಏಳೆಂಟು ಇಂಚು ಖಾಲಿ ಇದೆ. ಅಲ್ಲಿಗೆ ಒಂದು ‘ನೂ’ ಬರಬೇಕು. ಕೆಂಪು ಸ್ಟ್ರಿಪ್ ಒಂದು ಮೀಟರ್ ಮಿಕ್ಕಿದೆ. ನೆಲದ ಮೇಲೆ ಅಮ್ಮನ ಸೀಮೆಸುಣ್ಣದ ಗೆರೆ ಆಗಲೇ ಬಿದ್ದಿದೆ. ಈ ಭಾನುವಾರ ತೂತು ಕೊರೆಯೋದು.