ಇಂಗ್ಲೆಂಡಿನಲ್ಲಿ ಹೆಣ್ಣುಬೆಕ್ಕು ಸಾಕುವ ಮೈಸೂರಿನವರಿಗೆ

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಮನೆ ಅಟ್ಟದ ಮೇಲೆ, ಹಳೇ ಸೀರೆ ಗಂಟಿನಲ್ಲಿ, ಒಂದು ಬೆಕ್ಕು ಮರಿ ಹಾಕುತ್ತಿತ್ತು. ಅದು ನಮ್ಮದೋ ಪಕ್ಕದ ಮನೆಯದೋ ಅಂತ ಯಾರೂ ಕೇಳಿದವರಲ್ಲ. ಇಂಗ್ಲೆಂಡಿನಲ್ಲಿ ಮೊದಲು ಕೇಳುವುದೇ ಅದನ್ನು.

2024ರ ಜೂನ್ 10ರಿಂದ ಇಲ್ಲಿ ಸಾಕುಬೆಕ್ಕಿಗೆ 20 ವಾರ ತುಂಬುವುದರೊಳಗೆ ಮೈಕ್ರೋಚಿಪ್ ಹಾಕಿಸಲೇಬೇಕು. ಹೊಸಿಲು ದಾಟದ ಬೆಕ್ಕಿಗೂ ಬಿಟ್ಟಿಲ್ಲ. ಹಾಕಿಸದೆ ಸಿಕ್ಕಿಬಿದ್ದರೆ 21 ದಿನ ಗಡುವು, ಆಮೇಲೆ 500 ಪೌಂಡ್‌ವರೆಗೆ ದಂಡ.

ಚಿಪ್ ಅಂದರೆ ಅಕ್ಕಿಕಾಳಿನಷ್ಟು ಗಾತ್ರದ್ದು. ಭುಜಗಳ ನಡುವೆ ಚರ್ಮದ ಕೆಳಗೆ ಸೂಜಿಯಲ್ಲಿ ಹಾಕುತ್ತಾರೆ. ಬ್ಯಾಟರಿ ಇಲ್ಲ, ಬೆಕ್ಕು ಎಲ್ಲಿದೆ ಅಂತ ತೋರಿಸುವುದೂ ಇಲ್ಲ. ಸ್ಕ್ಯಾನರ್ ಹಿಡಿದಾಗ 15 ಅಂಕಿ ಬರುತ್ತದೆ, ಅಷ್ಟೇ. ಆ ನಂಬರಿಗೆ ನಿಮ್ಮ ವಿಳಾಸ, ಫೋನ್ ಜೋಡಿಸಿಟ್ಟಿರುವುದು ಡೇಟಾಬೇಸಿನಲ್ಲಿ. ಮನೆ ಬದಲಾಯಿಸಿದಾಗ ನಾನು ಅದನ್ನು ತಿದ್ದಿಸಿರಲಿಲ್ಲ. ಬೆಕ್ಕು ಹಳೇ ಬೀದಿಗೆ ಹೋಗಿಬಿಟ್ಟಿತ್ತು. ಯಾರೋ ಪುಣ್ಯಾತ್ಮರು ವೆಟ್ (ಪಶುವೈದ್ಯರ) ಹತ್ತಿರ ಕರೆದೊಯ್ದು ಸ್ಕ್ಯಾನ್ ಮಾಡಿಸಿದರು. ಅವರು ಫೋನ್ ಮಾಡಿದ್ದು ನಾನು ಬಿಟ್ಟುಬಿಟ್ಟಿದ್ದ ನಂಬರಿಗೆ. ಬೆಕ್ಕು ಸಿಗುವವರೆಗೆ ನಾಲ್ಕು ದಿನ ಮಗಳಿಗೆ ಊಟ ಸೇರಲಿಲ್ಲ. ದಯವಿಟ್ಟು ಆ ತಪ್ಪು ಮಾಡಬೇಡಿ.

ಕಾಲರ್ ಹಾಕುವುದಾದರೆ ಎಳೆದರೆ ತಾನಾಗಿ ಬಿಚ್ಚಿಕೊಳ್ಳುವಂಥದ್ದನ್ನೇ ಹಾಕಿ. ಬೇರೆ ಥರದ್ದು ಕೊಂಬೆಗೆ ಸಿಕ್ಕಿದರೆ ಕತ್ತಿಗೇ ಬಿಗಿಯುತ್ತದೆ.

ಇನ್ನು ಮರಿಗಳ ವಿಷಯ. ಹೆಣ್ಣುಬೆಕ್ಕು ನಾಲ್ಕು ತಿಂಗಳಿಗೇ ಗಬ್ಬವಾಗಬಹುದು, ನಮಗೆ ಅದಿನ್ನೂ ಮರಿಯ ಹಾಗೇ ಕಾಣುತ್ತಿರುತ್ತದೆ. ಅದು ಬೆದೆಗೆ ಬರುವುದು ಹಗಲಿನ ಉದ್ದ ನೋಡಿಕೊಂಡು. ಮೈಸೂರಿನಲ್ಲಿ ಹಗಲು ವರ್ಷವೆಲ್ಲ ಹೆಚ್ಚುಕಡಿಮೆ ಒಂದೇ, ಇಲ್ಲಿ ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲು. ಹಾಗಂತ ಚಳಿಗಾಲ ನಂಬಿ ಕೂರಬೇಡಿ. ಮನೆಯೊಳಗೆ ದೀಪದ ಬೆಳಕಿನಲ್ಲಿ ಬೆಳೆಯುವ ಬೆಕ್ಕು ಆಗಲೂ ಬೆದೆಗೆ ಬರುತ್ತದೆ.

ಮರಿಯಾಗದ ಹಾಗೆ ಮಾಡಿಸುವ ಆಪರೇಷನ್ ಅಂದರೆ ನಮ್ಮವರಿಗೆ ಕರುಳು ಚುರುಕ್ ಅನ್ನುತ್ತದೆ, ಅಲ್ವಾ? ಮಾತ್ರೆ ಇಲ್ವಾ ಅಂತ ಕೇಳುತ್ತಾರೆ. ಬೆದೆ ತಡೆಯುವ ಹಾರ್ಮೋನ್ ಮಾತ್ರೆ, ಇಂಜೆಕ್ಷನ್ ಎರಡೂ ಇವೆ. ಆದರೆ ವೆಟ್ ಬೆಕ್ಕನ್ನು ನೋಡಿ ಬರೆದುಕೊಡಬೇಕು. ಜಾಸ್ತಿ ದಿನ ಕೊಟ್ಟರೆ ಗರ್ಭಕೋಶದಲ್ಲಿ ಕೀವು, ಮೊಲೆಗಳಲ್ಲಿ ಗೆಡ್ಡೆ, ಸಕ್ಕರೆ ಕಾಯಿಲೆ ಬರುವ ಅಪಾಯವಿದೆ. ಮುಂದೆ ಮರಿ ಬೇಕು, ಈಗ ಬೇಡ ಅನ್ನುವವರಿಗೆ ಸ್ವಲ್ಪ ಕಾಲಕ್ಕೆ ಅದು ದಾರಿ. ವರ್ಷಗಟ್ಟಲೆ ಅಲ್ಲ. ನನ್ನ ಮಟ್ಟಿಗೆ ಒಂದು ದಿನದ ಆಪರೇಷನ್ನೇ ಬೆಕ್ಕಿಗೆ ಮಾಡುವ ಉಪಕಾರ. ಊರಿಂದ ಬರುವವರ ಸೂಟ್‌ಕೇಸಿನಲ್ಲಿ ಮಾತ್ರೆ ತರಿಸಲೇಬೇಡಿ.

ಮೈಸೂರಿನ ಬೆಕ್ಕನ್ನೇ ಕರೆತರುವವರು ಒಂದು ಕ್ರಮ ನೆನಪಿಡಿ. ಮೊದಲು ಚಿಪ್, ಆಮೇಲೆ ರೇಬೀಸ್ ಲಸಿಕೆ. ಹಿಂದುಮುಂದಾದರೆ ಆ ಲಸಿಕೆ ಲೆಕ್ಕಕ್ಕಿಲ್ಲ. ಲಸಿಕೆಯಾಗಿ ಕನಿಷ್ಠ 30 ದಿನಕ್ಕೆ ರಕ್ತಪರೀಕ್ಷೆ, ರಕ್ತ ತೆಗೆದ ದಿನದಿಂದ ಮತ್ತೆ ಮೂರು ತಿಂಗಳು ಕಾಯಬೇಕು. ಹಾಗಾಗಿ ಪ್ರಯಾಣಕ್ಕೆ ಐದಾರು ತಿಂಗಳು ಇರುವಾಗಲೇ ಚಿಪ್ ಹಾಕಿಸಿಬಿಡಿ.